ಏಜೆಂಟ್‌ಗೆ ಕ್ವೆರಿ ಬರೆಯುವಾಗ ನಿಮ್ಮ ಬಗ್ಗೆ ಎಷ್ಟು ಹೇಳ್ಬೇಕು, ಎಲ್ಲಿಗೆ ನಿಲ್ಲಿಸ್ಬೇಕು

ನಮ್ಮ ಭಾವ ಮದ್ದೂರು ಕಡೆ ಹೈಸ್ಕೂಲಲ್ಲಿ ಇಂಗ್ಲಿಷ್ ಮೇಷ್ಟ್ರಾಗಿದ್ದು ರಿಟೈರ್ ಆದವರು. ಇಂಗ್ಲಿಷಲ್ಲಿ ಒಂದು ಕಾದಂಬರಿ ಬರೆದಿದಾರೆ, ಆಲೆಮನೇಲಿ ನಡೆಯೋ ಒಂದು ಕೊಲೆ ಕಥೆ. ಅಮೆರಿಕ, ಇಂಗ್ಲೆಂಡಿನ ಏಜೆಂಟ್‌ಗಳಿಗೆ, ಅಂದ್ರೆ ಲೇಖಕರ ಪರವಾಗಿ ಪ್ರಕಾಶಕರ ಹತ್ರ ಪುಸ್ತಕ ಮಾರೋರಿಗೆ, ಕಳಿಸೋಣ ಅಂತ ಕ್ವೆರಿ, ಅಂದ್ರೆ ನನ್ನ ಪುಸ್ತಕ ತಗೋತೀರಾ ಅಂತ ಕೇಳೋ ಪತ್ರ, ಬರೆದು ಮೈಸೂರಿಗೆ ಬಂದಾಗ ನನ್ನ ಕೈಗಿಟ್ಟರು. ಕಥೆ ಬಗ್ಗೆ ನಾಲ್ಕು ಸಾಲು, ಅವರ ಬಗ್ಗೆ ಒಂದೂವರೆ ಪುಟ. ಹುಟ್ಟಿದ ಊರು, ಅಪ್ಪ ಅಮ್ಮನ ಹೆಸರು, ಬಿಎಡ್ ಮಾಡಿದ್ದು, ತಾಲ್ಲೂಕು ಉತ್ತಮ ಶಿಕ್ಷಕ ಪ್ರಶಸ್ತಿ, ಕನ್ನಡ ಸಂಘದ ಖಜಾಂಚಿ, ಮಗ ಡಬ್ಲಿನ್‌ನಲ್ಲಿ ಇಂಜಿನಿಯರ್. "ಏನ್ ಭಾವ ಇದು, ಸನ್ಮಾನ ಪತ್ರ ಇದ್ದಂಗಿದೆ" ಅಂದೆ.

ನಾವು ಪರಿಚಯ ಅಂದ ತಕ್ಷಣ ಬರೆಯೋದೇ ಹಂಗೆ. ಒಂದೋ ಮದುವೆ ಬಯೋಡೇಟಾ, ಇಲ್ಲಾಂದ್ರೆ ಶಾಲು ಹೊದಿಸೋಕ್ಕೆ ಮುಂಚೆ ಸ್ಟೇಜ್ ಮೇಲೆ ಓದೋ ಪರಿಚಯ ಭಾಷಣ, ಬೇರೆ ಮಾದರೀನೇ ನಾವು ನೋಡಿಲ್ಲ. ಕನ್ನಡದಲ್ಲಿ ಬರೆಯೋರಿಗೆ ಈ ತಲೆನೋವು ಕಮ್ಮಿ, ಇಲ್ಲಿ ಸಾಮಾನ್ಯವಾಗಿ ಏಜೆಂಟ್ ಅನ್ನೋರೇ ಇರಲ್ಲ, ಹಸ್ತಪ್ರತಿ ನೇರವಾಗಿ ಪ್ರಕಾಶಕರ ಹತ್ರ ಹೋಗುತ್ತೆ, ಲೇಖಕರ ಪರಿಚಯ ಆಮೇಲೆ ಹಿಂದಿನ ರಕ್ಷಾಪುಟಕ್ಕೆ ಬರುತ್ತೆ. ಕ್ವೆರಿ ಹಂಗಲ್ಲ. ಹೆಚ್ಚು ಕಮ್ಮಿ 300 ಪದದ ಒಂದು ಕಾಗದ, ಅದರಲ್ಲಿ ಬಹುಪಾಲು ಕಥೆ, ಆಮೇಲೆ ಎಷ್ಟು ಪದದ ಪುಸ್ತಕ, ಯಾವ ಬಗೆಯದ್ದು, ಈಚೆಗೆ ಬಂದ ಯಾವ ಪುಸ್ತಕದ ಓದುಗರಿಗೆ ಇದು ಹಿಡಿಸಬಹುದು ಅಂತ ಒಂದೆರಡು ಸಾಲು, ಕೊನೇಲಿ ನಿಮ್ಮ ಬಗ್ಗೆ ಎರಡು ಮೂರು ವಾಕ್ಯ. ಅಷ್ಟೇ ಜಾಗ.

ಆ ಎರಡು ಮೂರು ವಾಕ್ಯಕ್ಕೆ ಏನು ಹಾಕೋದು ಅನ್ನೋಕೆ ನಾನು ಮಾಡೋದು ಇಷ್ಟು: ಒಂದೊಂದೇ ಸಾಲು ಬೆರಳಿಂದ ಮುಚ್ಚಿ ನೋಡಿ. ಅದಿಲ್ದೇ ಇದ್ರೆ "ಈ ಪುಸ್ತಕ ಇವರೇ ಬರೆಯಬೇಕಿತ್ತು" ಅನ್ನೋ ನಂಬಿಕೆ ಒಂಚೂರಾದ್ರೂ ಕಮ್ಮಿ ಆಗುತ್ತಾ? ಕಮ್ಮಿ ಆಗೋದಾದ್ರೆ ಆ ಸಾಲು ಇರಲಿ. ಇಲ್ಲಾಂದ್ರೆ ತೆಗೀರಿ, ಎಷ್ಟೇ ಹೆಮ್ಮೆ ವಿಷಯ ಆಗಿರ್ಲಿ.

ಭಾವನ ಪತ್ರದಲ್ಲಿ ಹಂಗೆ ಮುಚ್ಚುತ್ತಾ ಹೋದ್ರೆ ಮುಕ್ಕಾಲು ಪಾಲು ಹೋಯ್ತು. ಆದ್ರೆ ತಮಾಷೆ ಏನಂದ್ರೆ ಇರಬೇಕಾದ್ದೇ ಅಲ್ಲಿರಲಿಲ್ಲ. ಕಥೇಲಿ ಒಂದು ಕಡೆ ಕೊಪ್ಪರಿಗೇಲಿ ಕಬ್ಬಿನ ಹಾಲು ಕುದ್ದು ಕುದ್ದು ಪಾಕ ಬರೋ ಹೊತ್ತಿಗೆ ಒಬ್ಬ ಮುದುಕ ಒಂದು ತೊಟ್ಟನ್ನ ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಉಂಡೆ ಕಟ್ಟಿ ನೋಡ್ತಾನೆ, ಓದುತ್ತಿದ್ರೆ ಮುಖಕ್ಕೆ ಬಿಸಿ ಹೊಡೆಯುತ್ತೆ. ಇದೆಲ್ಲ ಹೆಂಗೆ ಗೊತ್ತು ಭಾವ ಅಂದ್ರೆ, "ನಮ್ಮಪ್ಪನ ಆಲೆಮನೇಲಿ ಒಲೆಗೆ ಸಿಪ್ಪೆ ಹಾಕ್ಕೊಂಡೇ ಬೆಳೆದೋನು ಕಣಪ್ಪ ನಾನು, ಅದನ್ನೇನು ಬರೆಯೋದು, ಅದು ಹೊಟ್ಟೆಪಾಡು" ಅಂತಾರೆ! ಏಜೆಂಟ್‌ಗೆ ಬೇಕಾಗಿರೋದೇ ಅದು. ಕೊನೆಗೆ ಹಿಂಗಾಯ್ತು: "ನಾನು ಮಂಡ್ಯ ಜಿಲ್ಲೆಯವನು, ಹತ್ತು ವರ್ಷ ನಮ್ಮ ತಂದೆಯ ಆಲೆಮನೆಯಲ್ಲಿ ಕೆಲಸ ಮಾಡಿದ್ದೇನೆ. ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದೆ. ನನ್ನ ಎರಡು ಸಣ್ಣ ಕಥೆಗಳು ವಾರಪತ್ರಿಕೆಯಲ್ಲಿ ಪ್ರಕಟವಾಗಿವೆ." ಆಲೆಮನೆ ಅಂದ್ರೆ ಕಬ್ಬಿಂದ ಬೆಲ್ಲ ಮಾಡೋ ಜಾಗ ಅಂತ ಇಂಗ್ಲಿಷಲ್ಲಿ ಅರ್ಧ ಸಾಲು ಬಿಡಿಸಿದ್ವಿ.

ಪ್ರಕಟ ಆಗಿರೋದು ಏನೂ ಇಲ್ವಾ? ಇಲ್ಲ ಅಂತ ಕ್ಷಮೆ ಕೇಳಬೇಡಿ. ಇದು ನನ್ನ ಮೊದಲ ಕಾದಂಬರಿ ಅಂದ್ರೆ ಸಾಕು, ಅದನ್ನೂ ಹೇಳ್ದಿದ್ರೂ ನಡೆಯುತ್ತೆ. ಕಾದಂಬರಿ ವಿಷಯದಲ್ಲಿ ಏಜೆಂಟ್ ನೋಡೋದು ಕಥೆ ಮತ್ತೆ ಜೊತೆಗೆ ಕಳಿಸಿದ ಪುಟಗಳನ್ನ. "ಮನೆಯವರೆಲ್ಲ ಓದಿ ಅತ್ತುಬಿಟ್ರು", "ಏಳು ಸಲ ತಿದ್ದಿದೀನಿ", "ಚಿಕ್ಕಂದಿನಿಂದ ಬರೆಯೋ ಹುಚ್ಚು", ಇವು ಬೇಡವೇ ಬೇಡ. ವಯಸ್ಸು, ಫೋಟೋ, ಮಕ್ಕಳೆಷ್ಟು ಇವೂ ಬೇಡ.

ಕಾದಂಬರಿ ಅಲ್ಲದೆ ಆರೋಗ್ಯ, ಇತಿಹಾಸ, ಕೃಷಿ ಹಿಂಗೆ ವಿಷಯದ ಪುಸ್ತಕ ಆದ್ರೆ ಲೆಕ್ಕ ತಲೆಕೆಳಗು. ಅಲ್ಲಿ ಡಿಗ್ರಿ, ಎಷ್ಟು ವರ್ಷದ ಕೆಲಸ, ಎಲ್ಲೆಲ್ಲಿ ಭಾಷಣ, ಎಷ್ಟು ಜನ ಫಾಲೋ ಮಾಡ್ತಾರೆ ಎಲ್ಲ ಬೇಕು, ಪ್ಲಾಟ್‌ಫಾರ್ಮ್ ಅಂತಾರಲ್ಲ, ಅದು. ಆತ್ಮಕಥೆ ಮಧ್ಯದ್ದು, ನಿಮ್ಮ ಬದುಕೇ ಕಥೆ ಭಾಗದಲ್ಲಿ ಬಂದಿರುತ್ತೆ, ಕೆಳಗೆ ಮತ್ತೆ ಹೇಳೋದೇನಿರುತ್ತೆ.

ಈಗ ಕಷ್ಟದ್ದು. ಜಾತಿ, ಕಾಯಿಲೆ, ಡಿವೋರ್ಸ್, ಮನೇಲಿ ಅನುಭವಿಸಿದ ಹಿಂಸೆ. ಪುಸ್ತಕ ಅದರ ಮೇಲೇ ನಿಂತಿದ್ರೆ ಒಂದು ಸಾಲು ಹೇಳಿದ್ರೆ ತೂಕ ಬರುತ್ತೆ, ಸುಳ್ಳಲ್ಲ. ಆದ್ರೆ ನೀವು ಬರೆದಿದ್ದು ಆ ಏಜೆಂಟ್ ಒಬ್ಬರ ಹತ್ರಾನೇ ಉಳಿಯಲ್ಲ, ಅವರು ಒಪ್ಪಿಕೊಂಡ್ರೆ ಅದನ್ನೇ ಎಡಿಟರ್‌ಗಳಿಗೆ ಹೇಳಿ ಪುಸ್ತಕ ಮಾರ್ತಾರೆ, ಆಮೇಲೆ ಪ್ರಚಾರಕ್ಕೂ ಅದೇ ಹೋಗುತ್ತೆ. ಕಲಾಮಂದಿರದ ಸ್ಟೇಜ್ ಮೇಲೆ ಮೈಕ್ ಹಿಡ್ಕೊಂಡು ಯಾರೋ ಗೊತ್ತಿಲ್ಲದೋರು ಅದೇ ವಿಷಯ ಕೇಳ್ತಾರೆ, ಮುಂದಿನ ಸಾಲಲ್ಲಿ ನಿಮ್ಮ ಅತ್ತೆ ಕೂತಿದಾರೆ ಅಂದ್ಕೊಳ್ಳಿ. ಉತ್ತರ ಕೊಡೋಕಾಗುತ್ತೆ ಅನ್ನಿಸಿದ್ರೆ ಬರೀರಿ, ಹೊಟ್ಟೆ ಕಿವುಚಿದಂಗಾದ್ರೆ ಬಿಡಿ. ನೋವು ತೋರಿಸಿ ಅರ್ಹತೆ ಸಾಬೀತು ಮಾಡ್ಬೇಕು ಅನ್ನೋ ರೂಲ್ ಎಲ್ಲೂ ಇಲ್ಲ. ಇನ್ನೊಂದು, ಬರೀ ಜಾತಿ ಹೆಸರು ಹಾಕಿದ್ರೆ ಲಂಡನ್‌ನಲ್ಲಿ ಕೂತೋರಿಗೆ ಅರ್ಥ ಆಗಲ್ಲ, ಊರಲ್ಲಿ ಆ ಜಾತಿ ಅಂದ್ರೆ ಏನರ್ಥ ಅಂತ ಒಂದು ಎಳೆ ಸೇರಿಸಿ.

ಮುಚ್ಚಿಡಬಾರದ್ದೂ ಇದೆ. ಇದೇ ಪುಸ್ತಕ ಮೊದಲೇ ನೀವೇ ಇ-ಪುಸ್ತಕವಾಗಿ ಕಿಂಡಲ್‌ನಲ್ಲಿ ಹಾಕಿದ್ರೆ ಹೇಳಲೇಬೇಕು. ಅನುವಾದ ಆದ್ರೆ ಮೂಲ ಲೇಖಕರ ಪರಿಚಯ, ಅನುವಾದಕರ ಪರಿಚಯ ಎರಡೂ ಬೇಕು, ಹಕ್ಕು ಯಾರ ಹತ್ರ ಇದೆ ಅನ್ನೋದೂ ಬೇಕು. 2025ರಲ್ಲಿ ಬಾನು ಮುಷ್ತಾಕ್ ಅವರಿಗೂ ಅನುವಾದಕಿ ದೀಪಾ ಭಾಸ್ತಿ ಅವರಿಗೂ ಇಂಟರ್‌ನ್ಯಾಷನಲ್ ಬೂಕರ್ ಬಂದ ಮೇಲೆ ನಂಗೆ ಅನುವಾದದ ಬಗ್ಗೆ ಕೇಳೋರು ಜಾಸ್ತಿ ಆಗಿದಾರೆ. ಕಾವ್ಯನಾಮ ಇದ್ರೆ ನಿಜ ಹೆಸರೂ ಹಾಕಿ. ಹೆಸರು ಉದ್ದ ಅಂತ ಚಿಂತೆ ಮಾಡೋರಿಗೆ ನಮ್ಮ ಮೈಸೂರಿನ ಯಾದವಗಿರಿ ಮನೆಯ ಆರ್.ಕೆ. ನಾರಾಯಣ್ ಇದ್ದೇ ಇದಾರೆ, 1935ರಲ್ಲಿ ಮೊದಲ ಕಾದಂಬರಿ ಲಂಡನ್‌ನಲ್ಲಿ ಬರೋವಾಗ ಇಂಗ್ಲಿಷ್ ಕಾದಂಬರಿಕಾರ ಗ್ರಹಾಂ ಗ್ರೀನ್ ಮಾತು ಕೇಳಿ ನಾರಾಯಣಸ್ವಾಮಿ ಅನ್ನೋದನ್ನ ಮೊಟಕು ಮಾಡಿಕೊಂಡೋರು.

ಕಳಿಸೋಕ್ಕೆ ಮುಂಚೆ ಒಬ್ಬೊಬ್ಬ ಏಜೆಂಟ್ ಏನು ಕೇಳಿದಾರೆ ನೋಡ್ಕೊಳ್ಳಿ, ಕೆಲವರ ಆನ್‌ಲೈನ್ ಫಾರ್ಮ್‌ನಲ್ಲಿ ಬಯೋಗೆ, ಅಂದ್ರೆ ನಿಮ್ಮ ಪರಿಚಯಕ್ಕೆ, ಬೇರೆ ಡಬ್ಬಿ ಇರುತ್ತೆ, ಆಗ ಪತ್ರದಲ್ಲಿರೋದನ್ನೇ ಎರಡು ಸಲ ಹೇಳ್ಬೇಡಿ.

ಭಾವ ಎಂಟು ಜನಕ್ಕೆ ಕಳಿಸಿ ಕಾಯ್ತಾ ಕೂತಿದಾರೆ. ಖಜಾಂಚಿ ವಿಷಯ ತೆಗೆಸಿದ್ದಕ್ಕೆ ಮುನಿಸು ಇನ್ನೂ ಇಳಿದಿಲ್ಲ, ಪುಸ್ತಕ ಬಂದ್ರೆ ಹಿಂದಿನ ರಕ್ಷಾಪುಟದಲ್ಲಿ ಹಾಕಿಸೋಣ ಅಂತ ಸಮಾಧಾನ ಮಾಡಿದೀನಿ.