ದೂರಶಿಕ್ಷಣವನ್ನು ವಿಸ್ತರಿಸುವ ವಿಶ್ವವಿದ್ಯಾನಿಲಯಗಳಿಗೆ ಒಂದು ಕಾರ್ಯವಿಧಾನ

ದೂರಶಿಕ್ಷಣವನ್ನು ವಿಸ್ತರಿಸಲು ನಿರ್ಧರಿಸಿದ ವಿಶ್ವವಿದ್ಯಾನಿಲಯಗಳಲ್ಲಿ ಪ್ರವೇಶದ ಪ್ರಕಟಣೆ ಮೊದಲು ಹೊರಬಿದ್ದು, ಸಿದ್ಧಪಾಠಗಳು (ವಿದ್ಯಾರ್ಥಿ ತಾನೇ ಓದಿ ಕಲಿಯುವಂತೆ ಬರೆದ ಪಾಠಪುಸ್ತಕಗಳು) ಆಮೇಲೆ ಅಚ್ಚಿಗೆ ಹೋಗುವುದುಂಟು. ಈ ಕ್ರಮವನ್ನು ತಿರುವುಮುರುವು ಮಾಡುವುದೇ ಮೊದಲ ಕೆಲಸ. ಎಷ್ಟು ಮಂದಿಗೆ ಸಕಾಲದಲ್ಲಿ ಪುಸ್ತಕ ಮುಟ್ಟಿಸಿ, ಅವರು ಬರೆದ ಅಸೈನ್‌ಮೆಂಟನ್ನು ಓದಿ, ಟಿಪ್ಪಣಿಯೊಡನೆ ಹಿಂದಿರುಗಿಸಲು ಸಾಧ್ಯವೋ ಅಷ್ಟೇ ಮಂದಿಗೆ ಪ್ರವೇಶ ಕೊಡಬೇಕು.

ಇದನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಒಂದು ಸ್ನಾತಕೋತ್ತರ ಕೋರ್ಸಿಗೆ 1000 ಮಂದಿ ಸೇರಿದರು, ಒಂದು ಸೆಮಿಸ್ಟರಿನಲ್ಲಿ ನಾಲ್ಕು ಪತ್ರಿಕೆಗಳಿವೆ, ಪತ್ರಿಕೆಗೊಂದು ಅಸೈನ್‌ಮೆಂಟ್ ಇದೆ ಎಂದುಕೊಳ್ಳೋಣ. ಆಗ ಓದಬೇಕಾದ ಬರಹಗಳು 4000. ಒಂದೊಂದಕ್ಕೆ ಕಾಲು ಗಂಟೆ ಹಿಡಿದರೂ ಒಟ್ಟು 1000 ಗಂಟೆಗಳಾಗುತ್ತವೆ. ಹತ್ತು ಮಂದಿ ಅಧ್ಯಾಪಕರಿದ್ದರೆ ತಲಾ 100 ಗಂಟೆ. ಈ ಸಮಯವನ್ನು ಅಧ್ಯಾಪಕರ ಕಾರ್ಯಭಾರದಲ್ಲಿ ಲಿಖಿತವಾಗಿ ತೋರಿಸಲು ಸಾಧ್ಯವಾಗದಿದ್ದರೆ 1000 ಮಂದಿಯನ್ನು ಸೇರಿಸಿಕೊಳ್ಳಬಾರದು.

ಅನುಮತಿಯ ವಿಷಯದಲ್ಲಿ ಸ್ವಲ್ಪವೂ ಸಡಿಲ ಬಿಡುವಂತಿಲ್ಲ. ಮೈಸೂರು ವಿಶ್ವವಿದ್ಯಾನಿಲಯ 1969ರಲ್ಲಿ ಆರಂಭಿಸಿದ ಅಂಚೆ ಶಿಕ್ಷಣವೇ ಬೆಳೆದು 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು. ಶಿಕ್ಷಕರು, ಗುಮಾಸ್ತರು, ಪೊಲೀಸರು, ಗೃಹಿಣಿಯರು ಅದರಿಂದ ಪದವಿ ಪಡೆದರು. ಆದರೆ ರಾಜ್ಯದ ಗಡಿಯಾಚೆ ಖಾಸಗಿ ಸಂಸ್ಥೆಗಳ ಮೂಲಕ ಕೋರ್ಸ್ ನಡೆಸಿದ್ದು, ತಾಂತ್ರಿಕ ಕೋರ್ಸುಗಳನ್ನು ನೀಡಿದ್ದು ಮುಂತಾದ ಕಾರಣಗಳಿಂದ 2012-13ರ ನಂತರ ಅದಕ್ಕೆ ವಿಶ್ವವಿದ್ಯಾನಿಲಯ ಅನುದಾನ ಆಯೋಗದ (ಯುಜಿಸಿ) ಮಾನ್ಯತೆ ಮುಂದುವರಿಯಲಿಲ್ಲ. ಅದು ಮರಳಿದ್ದು 2018ರಲ್ಲಿ. ನಡುವಿನ ವರ್ಷಗಳಲ್ಲಿ ಸೇರಿದ್ದವರು ಪದವಿಯ ಸಿಂಧುತ್ವಕ್ಕಾಗಿ ಅಲೆದಾಡಬೇಕಾಯಿತು. ವಿಸ್ತರಣೆಯಲ್ಲಿ ಆಡಳಿತ ತಪ್ಪಿದರೆ ಅದರ ಬೆಲೆ ತೆರುವವರು ವಿದ್ಯಾರ್ಥಿಗಳೇ ಎಂಬುದನ್ನು ವಿಶ್ವವಿದ್ಯಾನಿಲಯದ ಆಡಳಿತ ಮಂಡಳಿಯಾದ ಸಿಂಡಿಕೇಟಿನ ಸಭೆಗಳಲ್ಲಿ ಕುಳಿತವರು ನೆನಪಿನಲ್ಲಿಡಬೇಕು.

ಈಗ ಅನ್ವಯವಾಗುವುದು ಯುಜಿಸಿಯ 2020ರ ಮುಕ್ತ ಮತ್ತು ದೂರಶಿಕ್ಷಣ ಹಾಗೂ ಆನ್‌ಲೈನ್ ಕೋರ್ಸುಗಳ ನಿಯಮಾವಳಿ ಮತ್ತು ಅದರ ತಿದ್ದುಪಡಿಗಳು. ಎಂಜಿನಿಯರಿಂಗ್, ವೈದ್ಯಕೀಯ, ನರ್ಸಿಂಗ್, ಔಷಧ ವಿಜ್ಞಾನ, ಕಾನೂನು, ಕೃಷಿ ಮೊದಲಾದವುಗಳನ್ನು ದೂರಶಿಕ್ಷಣದಲ್ಲಿ ನೀಡುವಂತಿಲ್ಲ. ದೂರಶಿಕ್ಷಣದ ವಿದ್ಯಾರ್ಥಿಗಳಿಗೆ ನೆರವಾಗುವ ಕಲಿಕಾ ಕೇಂದ್ರಗಳನ್ನು ಖಾಸಗಿಯವರಿಗೆ ಫ್ರಾಂಚೈಸಿ ಕೊಡುವಂತಿಲ್ಲ. ರಾಜ್ಯ ವಿಶ್ವವಿದ್ಯಾನಿಲಯದ ಕೇಂದ್ರಗಳು ರಾಜ್ಯದ ಗಡಿಯೊಳಗೇ ಇರಬೇಕು. ಮುಂಬೈಯಲ್ಲೋ ಕೊಲ್ಲಿ ದೇಶಗಳಲ್ಲೋ ಇರುವ ಕನ್ನಡಿಗರಿಗೆ ಕೋರ್ಸ್ ಮುಟ್ಟಿಸಬೇಕೆಂದರೆ ಆನ್‌ಲೈನ್ ಕೋರ್ಸಿಗೆ ಪ್ರತ್ಯೇಕ ಅರ್ಹತೆ ಪಡೆಯುವುದೇ ನೇರ ದಾರಿ. ಪ್ರತಿ ಕೋರ್ಸಿಗೂ ಯೋಜನಾ ವರದಿ ಸಿದ್ಧಪಡಿಸಿ, ಸಂಬಂಧಪಟ್ಟ ಶಾಸನಬದ್ಧ ಸಭೆಗಳ ಒಪ್ಪಿಗೆ ಪಡೆದು, ಮಾನ್ಯತೆಯ ಪತ್ರ ಕೈಸೇರಿದ ಮೇಲಷ್ಟೇ ಪ್ರವೇಶ ಆರಂಭಿಸಬೇಕು.

ಇಷ್ಟಾದ ಮೇಲೆ ನಿಜವಾದ ಶ್ರಮ ಬೇಡುವುದು ಸಿದ್ಧಪಾಠ. ನಿಯಮಾವಳಿಯಂತೆ ಒಂದು ಕ್ರೆಡಿಟ್ ಎಂದರೆ 30 ಗಂಟೆಗಳ ಕಲಿಕೆ. ನಾಲ್ಕು ಕ್ರೆಡಿಟಿನ ನಾಲ್ಕು ಪತ್ರಿಕೆಗಳಿದ್ದರೆ ಒಂದು ಸೆಮಿಸ್ಟರಿಗೆ 480 ಗಂಟೆ, ಅಂದರೆ 24 ವಾರಗಳ ಕಾಲ ವಾರಕ್ಕೆ 20 ಗಂಟೆ. ಹಗಲೆಲ್ಲ ದುಡಿದು ಬಂದವರು ಇಷ್ಟು ಸಮಯ ಹೊಂದಿಸಿಕೊಳ್ಳಬೇಕಾದರೆ ಪಾಠ ಅವರ ಕೈಹಿಡಿದು ನಡೆಸುವಂತಿರಬೇಕು. ತರಗತಿಯ ಟಿಪ್ಪಣಿಗಳನ್ನು ಜೋಡಿಸಿ ಹೊಲಿದ ಪುಸ್ತಕದಿಂದ ಇದು ಸಾಧ್ಯವಾಗದು. ಪ್ರತಿ ಘಟಕವೂ ಒಂದೇ ರಾತ್ರಿ ಓದಿ ಮುಗಿಸುವಷ್ಟು ಉದ್ದವಿರಲಿ. ಆರಂಭದಲ್ಲಿ ಉದ್ದೇಶ, ನಡುನಡುವೆ ಸ್ವಯಂ ಪರೀಕ್ಷೆಯ ಪ್ರಶ್ನೆಗಳು, ಕೊನೆಯಲ್ಲಿ ಅವುಗಳ ಉತ್ತರಗಳು ಇರಲಿ. ವಿಷಯತಜ್ಞರು ಬರೆದುದನ್ನು ಮತ್ತೊಬ್ಬ ವಿಷಯತಜ್ಞರು ಹಾಗೂ ಒಬ್ಬ ಭಾಷಾ ಸಂಪಾದಕರು ತಿದ್ದಬೇಕು. ಇಂಗ್ಲಿಷ್ ಪಾಠವನ್ನು ಯಂತ್ರದಿಂದ ಅನುವಾದಿಸಿ ಕನ್ನಡ ಮಾಧ್ಯಮದವರ ಕೈಗಿಡುವುದು ಅವರಿಗೆ ಮಾಡುವ ಅನ್ಯಾಯ. ಅರ್ಥಶಾಸ್ತ್ರದ ಪಾಠದಲ್ಲಿ ಬೇಡಿಕೆ ಮತ್ತು ಪೂರೈಕೆಯನ್ನು ವಿವರಿಸಲು ಎಪಿಎಂಸಿಯ ಟೊಮೆಟೊ ದರಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಹಳೆಯ ಪಾಠಗಳ ಬಗೆಗೂ ಒಂದು ಮಾತು ಹೇಳಲೇಬೇಕು. ಯೂನಿಕೋಡ್ (ಎಲ್ಲ ಸಾಧನಗಳೂ ಗುರುತಿಸುವ ಅಕ್ಷರ ಸಂಕೇತ) ಅಲ್ಲದ, ‘ನುಡಿ’ ತಂತ್ರಾಂಶದ ಹಳೆಯ ಅಕ್ಷರಗಳಲ್ಲಿ ಬೆರಳಚ್ಚಾದ ಅಥವಾ ಸ್ಕ್ಯಾನ್ ಮಾಡಿದ ಕಡತಗಳನ್ನು ವೆಬ್‌ಸೈಟಿಗೆ ಏರಿಸಿಬಿಟ್ಟರೆ ದೃಷ್ಟಿ ಸವಾಲುಳ್ಳ ವಿದ್ಯಾರ್ಥಿಯ ಫೋನು ಅದನ್ನು ಓದಿ ಹೇಳಲಾರದು, ಬೇಕಾದ ಪದವನ್ನು ಹುಡುಕಲೂ ಆಗದು. ಎಲ್ಲವನ್ನೂ ಯೂನಿಕೋಡಿಗೆ ಪರಿವರ್ತಿಸಿ, ಒತ್ತಕ್ಷರಗಳು ಕೆಟ್ಟಿಲ್ಲವೆಂದು ಒಬ್ಬರು ಕೂತು ಪರಿಶೀಲಿಸಬೇಕು. ಈ ಕೆಲಸಕ್ಕೆ ಆಯವ್ಯಯದಲ್ಲಿ ಪ್ರತ್ಯೇಕ ಮೊತ್ತವಿಡುವುದು ಅಗತ್ಯ.

ಕೇಂದ್ರಗಳನ್ನು ಆರಿಸುವಾಗ ಅದೇ ವಿಷಯವನ್ನು ನಿತ್ಯ ಬೋಧಿಸುತ್ತಿರುವ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿಗೆ ಆದ್ಯತೆ ಕೊಡಬೇಕು, ಏಕೆಂದರೆ ಅಲ್ಲಿ ಅಧ್ಯಾಪಕರೂ ಗ್ರಂಥಾಲಯವೂ ಈಗಾಗಲೇ ಇವೆ. ಆರಿಸುವ ಮುನ್ನ ಸುತ್ತಲ ಹಳ್ಳಿಗಳ ಬಸ್ಸಿನ ವೇಳಾಪಟ್ಟಿಯನ್ನು ನೋಡಿರಿ. 2023ರ ಜೂನಿನಿಂದ ಶಕ್ತಿ ಯೋಜನೆಯಡಿ ಹೆಣ್ಣುಮಕ್ಕಳು ಸಾಮಾನ್ಯ ಸಾರಿಗೆ ಬಸ್ಸುಗಳಲ್ಲಿ ಉಚಿತವಾಗಿ ಓಡಾಡಬಹುದು. ಕೇಂದ್ರದಲ್ಲಿ ಆಗಾಗ ಮುಖಾಮುಖಿಯಾಗಿ ನಡೆಸುವ ಸಂಪರ್ಕ ತರಗತಿ ಮೊದಲ ಬಸ್ಸು ಬಂದ ಮೇಲೆ ಆರಂಭವಾಗಿ ಸಂಜೆಯ ಬಸ್ಸಿಗೆ ಮೊದಲೇ ಮುಗಿದರೆ ಆ ಸೌಲಭ್ಯ ಅವರ ಓದಿಗೂ ಒದಗುತ್ತದೆ. ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳಾದ ಅರಿವು ಕೇಂದ್ರಗಳಲ್ಲಿ ಸಿದ್ಧಪಾಠಗಳ ಒಂದೊಂದು ಪ್ರತಿ ಇರಿಸಲು ಪಂಚಾಯತ್ ರಾಜ್ ಇಲಾಖೆಯೊಡನೆ ಒಪ್ಪಂದ ಮಾಡಿಕೊಳ್ಳುವುದೂ ಒಳ್ಳೆಯದು.

ವರ್ಷದ ವೇಳಾಪಟ್ಟಿಯನ್ನು ಕಲಿಯುವವರ ದುಡಿಮೆಯನ್ನು ನೋಡಿಯೇ ಹಾಕಬೇಕು. ಮುಂಗಾರು ಬಿತ್ತನೆಯ ವಾರಗಳಲ್ಲಿ, ಎಸ್‌ಎಸ್‌ಎಲ್‌ಸಿ ಮೌಲ್ಯಮಾಪನದ ದಿನಗಳಲ್ಲಿ ಸಂಪರ್ಕ ತರಗತಿ ಇಟ್ಟರೆ ರೈತರೂ ಶಿಕ್ಷಕರೂ ತಪ್ಪಿಸಿಕೊಳ್ಳುವುದು ಖಂಡಿತ. ಆಂತರಿಕ ಮೌಲ್ಯಮಾಪನಕ್ಕೆ ಗರಿಷ್ಠ ಶೇ. 30, ಸೆಮಿಸ್ಟರ್ ಪರೀಕ್ಷೆಗೆ ಕನಿಷ್ಠ ಶೇ. 70 ಅಂಕಗಳಿರುವುದರಿಂದ, ತಿದ್ದಿದ ಅಸೈನ್‌ಮೆಂಟ್ ಪರೀಕ್ಷೆಗೆ ತಿಂಗಳ ಮೊದಲೇ ವಿದ್ಯಾರ್ಥಿಯ ಕೈಗೆ ಬಂದರಷ್ಟೇ ಅದರಿಂದ ಪ್ರಯೋಜನ. ಅಂಕದ ಜೊತೆಗೆ ಎರಡು ಸಾಲು ಟಿಪ್ಪಣಿಯನ್ನು ಕಡ್ಡಾಯ ಮಾಡಿರಿ. ತರಗತಿಯೇ ಕಾಣದೆ ಓದುವವರಿಗೆ ಗುರುಗಳ ದನಿ ಕೇಳುವುದು ಹೆಚ್ಚಾಗಿ ಅಲ್ಲೇ.

ಮೊದಲ ವರ್ಷ ಎರಡು ಅಥವಾ ಮೂರು ಕೋರ್ಸುಗಳನ್ನು ಮಾತ್ರ, ಕೆಲವೇ ಜಿಲ್ಲೆಗಳಲ್ಲಿ ಆರಂಭಿಸಿರಿ. ಆಂತರಿಕ ಗುಣಮಟ್ಟ ಖಾತರಿ ಕೇಂದ್ರವು ಪ್ರತಿ ಸೆಮಿಸ್ಟರಿನ ಕೊನೆಗೆ ಕಲಿಕಾ ಕೇಂದ್ರವಾರು ಮೂರು ಅಂಶಗಳನ್ನು ವರದಿ ಮಾಡಲಿ: ಸೇರಿದವರು ಎಷ್ಟು, ಅಸೈನ್‌ಮೆಂಟ್ ಸಲ್ಲಿಸಿದವರು ಎಷ್ಟು, ಪರೀಕ್ಷೆಗೆ ಕುಳಿತವರು ಎಷ್ಟು. ಮೊದಲ ಸಂಖ್ಯೆಗೂ ಮೂರನೆಯದಕ್ಕೂ ಅಂತರ ಹೆಚ್ಚಿರುವ ಕೇಂದ್ರದಲ್ಲಿ ಹೊಸ ಪ್ರವೇಶವನ್ನು ನಿಲ್ಲಿಸಿ, ಬಿಟ್ಟುಹೋದವರಿಗೆ ಒಬ್ಬೊಬ್ಬರಾಗಿ ಫೋನ್ ಮಾಡಿ ಕಾರಣ ಕೇಳಿ, ಅವರಿಗೆ ಪುಸ್ತಕವೋ ತರಗತಿಯೋ ಮಾಹಿತಿಯೋ ತಲುಪದಿದ್ದಲ್ಲಿ ಅದನ್ನು ಸರಿಪಡಿಸಿದ ಮೇಲೆಯೇ ಮುಂದಿನ ಜಿಲ್ಲೆಗೆ ಕಾಲಿಡಬೇಕು.