ಪೇಟೆಂಟ್ ಕೇಸ್ ಬಿದ್ದ ಕಂಪನಿಯ ಷೇರು: ಮಾರುವ ಮೊದಲು ನಾನು ನೋಡುವುದು

ಮುಂಬಯಿಯ ಮಾಟುಂಗ, ಡೊಂಬಿವಲಿ ಕಡೆಯ ನಮ್ಮವರು ಷೇರಿನ ವಿಷಯದಲ್ಲಿ ಪದೇ ಪದೇ ಕೇಳುವ ಪ್ರಶ್ನೆ: 'ಪೇಟೆಂಟ್ ಕೇಸ್ ಬಿದ್ದಿದೆಯಂತೆ ಸರ್, ಮಾರಿಬಿಡೋಣವಾ?' ಟಿವಿಯಲ್ಲಿ ಓಡುವ ಪರಿಹಾರದ ಮೊತ್ತ ನೋಡಿ ಇದಕ್ಕೆ ಉತ್ತರ ಹೇಳಲಾಗದು. ಪರಿಹಾರ ಒಮ್ಮೆ ಕಟ್ಟಿದರೆ ಮುಗಿಯಿತು. ಮಾರಾಟಕ್ಕೆ ತಡೆಯಾಜ್ಞೆ ಬಂದರೆ ಆದಾಯವೇ ನಿಲ್ಲುತ್ತದೆ.

2012ರ ಆಗಸ್ಟ್‌ನಲ್ಲಿ ಪೇಟೆಂಟ್ ಉಲ್ಲಂಘನೆಗೆ ಸ್ಯಾಮ್‌ಸಂಗ್ ಆಪಲ್‌ಗೆ ಸುಮಾರು 105 ಕೋಟಿ ಡಾಲರ್ ಕೊಡಬೇಕೆಂದು ಕ್ಯಾಲಿಫೋರ್ನಿಯಾದ ಜ್ಯೂರಿ ಹೇಳಿದಾಗ ಸ್ಯಾಮ್‌ಸಂಗ್ ಷೇರು ಮುಂದಿನ ಸೋಮವಾರ ಶೇ. 7ಕ್ಕೂ ಹೆಚ್ಚು ಕುಸಿಯಿತು. ಪರಿಹಾರದ ಹತ್ತು ಪಟ್ಟಿಗೂ ಮೀರಿದ ಮೌಲ್ಯ ಒಂದೇ ದಿನದಲ್ಲಿ ಕರಗಿತು. ಸ್ಯಾಮ್‌ಸಂಗ್ ಫೋನ್‌ಗಳ ಮೇಲೆ ನಿಷೇಧ ಕೇಳಿದ್ದ ಆಪಲ್‌ನ ಅರ್ಜಿ ಡಿಸೆಂಬರ್‌ನಲ್ಲಿ ವಜಾ ಆಯಿತು. ವರ್ಷಾಂತ್ಯಕ್ಕೆ ಷೇರು ಹಳೆಯ ಬೆಲೆಯನ್ನೂ ದಾಟಿತ್ತು.

ಹಾಗಾಗಿ ಮೊದಲು ಹೈಕೋರ್ಟ್ ಜಾಲತಾಣದಿಂದ ಆದೇಶದ ಪ್ರತಿ ಇಳಿಸಿಕೊಂಡು ಕೊನೆಯ ಪುಟಗಳನ್ನು ಓದುತ್ತೇನೆ. ಮಧ್ಯಂತರವೋ ಅಂತಿಮವೋ? ತಡೆ ಯಾವ ಮಾಡೆಲ್‌ಗೆ? ಪುಣೆಯ ಬಜಾಜ್ ಆಟೊ, ಹೊಸೂರಿನ ಟಿವಿಎಸ್ ಜಗಳ ಇದಕ್ಕೆ ಒಳ್ಳೆಯ ಪಾಠ. ಎರಡು ಸ್ಪಾರ್ಕ್ ಪ್ಲಗ್‌ನ ಎಂಜಿನ್ ಮೇಲಿನ ಬಜಾಜ್ ಪೇಟೆಂಟ್ ಬಗ್ಗೆ 2008ರ ಫೆಬ್ರುವರಿಯಲ್ಲಿ ಮದ್ರಾಸ್ ಹೈಕೋರ್ಟಿನ ಏಕಸದಸ್ಯ ಪೀಠ ಟಿವಿಎಸ್‌ಗೆ ತಡೆ ಕೊಟ್ಟಿತು. 2009ರ ಮೇನಲ್ಲಿ ವಿಭಾಗೀಯ ಪೀಠ ಅದನ್ನು ತೆಗೆಯಿತು. ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಮಾರಾಟದ ಲೆಕ್ಕ ಇಟ್ಟುಕೊಂಡು ಮಾರಬಹುದು ಎಂದಿತು. ತಡೆ ಇದ್ದಾಗಲೂ ಸಿಕ್ಕಿಬಿದ್ದದ್ದು ಫ್ಲೇಮ್ ಎಂಬ ಒಂದೇ ಬೈಕು. ಟಿವಿಎಸ್‌ನ ಉಳಿದ ಗಾಡಿಗಳ ಮಾರಾಟಕ್ಕೆ ಅಡ್ಡಿಯಿರಲಿಲ್ಲ.

ಆಮೇಲೆ ಪೇಟೆಂಟ್‌ನ ವಯಸ್ಸು. ನಮ್ಮಲ್ಲಿ ಅರ್ಜಿ ಹಾಕಿದ ದಿನದಿಂದ 20 ವರ್ಷ. ಪೇಟೆಂಟ್ ಕಚೇರಿಯ ಜಾಲತಾಣದಲ್ಲಿ ಸಂಖ್ಯೆ ಹಾಕಿದರೆ ದಿನಾಂಕ ಪುಕ್ಕಟೆ ಸಿಗುತ್ತದೆ. ಬಜಾಜ್ ಅರ್ಜಿ 2002ರದು. 2019ರಲ್ಲಿ ರಾಜಿಯಾದಾಗ ಪೇಟೆಂಟ್‌ಗೆ ಮೂರು ವರ್ಷವೂ ಉಳಿದಿರಲಿಲ್ಲ.

ವಾರ್ಷಿಕ ವರದಿಯಲ್ಲಿ ಕಂಟಿಂಜೆಂಟ್ ಲಯಬಿಲಿಟಿ (ಮುಂದೆ ಕಟ್ಟಬೇಕಾಗಿ ಬರಬಹುದಾದ ಹಣ) ಟಿಪ್ಪಣಿ ನೋಡಲೇಬೇಕು. ಆದರೆ ಅಲ್ಲಿ ಬರುವುದು ಹಣದ ಕ್ಲೇಮ್ ಮಾತ್ರ. ತಡೆಯಾಜ್ಞೆಯಿಂದ ತಪ್ಪಿಹೋಗುವ ಮಾರಾಟ ಆ ಅಂಕಿಯಲ್ಲಿ ಇರುವುದಿಲ್ಲ, ಬಹಳ ಜನ ಎಡವುವುದು ಇಲ್ಲೇ. ಆ ಮಾಡೆಲ್ ಒಟ್ಟು ಆದಾಯದಲ್ಲಿ ಎಷ್ಟು ಪಾಲು ಎಂದು ನಾವೇ ಲೆಕ್ಕ ಹಾಕಬೇಕು. ನನ್ನ ಅಂದಾಜಿನಲ್ಲಿ ಶೇ. 5ರೊಳಗಿದ್ದರೆ ಷೇರು ಮಾರುವುದಿಲ್ಲ, ಶೇ. 20 ದಾಟಿದರೆ ಇರುವ ಷೇರಿನಲ್ಲಿ ಅರ್ಧ ಮಾರುತ್ತೇನೆ.

ಕೇಸ್ ಗೆಲ್ಲುತ್ತದೆಂದು ಹೊಸದಾಗಿ ಖರೀದಿಸಲು ಮಾತ್ರ ಯಾರಿಗೂ ಹೇಳುವುದಿಲ್ಲ. 2019ರ ಏಪ್ರಿಲ್ 16ರಂದು ಆಪಲ್ ಜತೆ ರಾಜಿಯಾಗಿ ಮೊಬೈಲ್ ಚಿಪ್ ಕಂಪನಿ ಕ್ವಾಲ್ಕಾಮ್‌ನ ಷೇರು ಒಂದೇ ದಿನ ಶೇ. 23 ಏರಿತು ನಿಜ. ಆದರೆ ಆ ರಾಜಿಗೆ ಎರಡು ವರ್ಷಕ್ಕೂ ಹೆಚ್ಚು ಹಿಡಿದಿತ್ತು, ಸುದ್ದಿ ಹೊರಬಿದ್ದದ್ದು ವಿಚಾರಣೆ ಆರಂಭವಾದ ಹೊತ್ತಿನಲ್ಲಿ.