ಸ್ವಯಂಸೇವಕರು ಮೂರು ತಿಂಗಳ ನಂತರವೂ ಬರಬೇಕೆಂದರೆ: ನನ್ನ ಅನುಭವ

ಒಂಟಿಯಾಗಿರುವ ಹಿರಿಯರ ಮನೆಗೆ ಹೋಗಿ ಬರುವ ಸ್ವಯಂಸೇವಕರ ತಂಡವೊಂದನ್ನು ನಾನು ನೋಡಿಕೊಳ್ಳುತ್ತೇನೆ. ಪೇಪರ್ ಓದಿ ಹೇಳುವುದು, ಆಸ್ಪತ್ರೆಗೆ ಜೊತೆಯಾಗಿ ಹೋಗುವುದು, ಸುಮ್ನೆ ಕೂತು ಮಾತಾಡುವುದು, ಇಂಥ ಕೆಲಸ. ಹೊಸದಾಗಿ ಶುರು ಮಾಡುವವರು ನನ್ನನ್ನು ಮೊದಲು ಕೇಳುವ ಪ್ರಶ್ನೆ, "ಜನ ಹೇಗೆ ಸೇರಿದರು?" ಜನ ಸೇರುತ್ತಾರೆ. ಒಳ್ಳೆಯ ಕೆಲಸಕ್ಕೆ ಕರೆದರೆ ಬರುವವರು ಎಲ್ಲ ಕಡೆ ಇದ್ದಾರೆ. ಮೂರು ತಿಂಗಳಾದ ಮೇಲೂ ಅವರು ಬರುತ್ತಿದ್ದಾರಾ ಅನ್ನುವುದು ಮುಖ್ಯ. ನನ್ನ ಶ್ರಮದ ಮುಕ್ಕಾಲು ಪಾಲು ಹೋಗುವುದು ಅದಕ್ಕೇ.

ಸ್ವಯಂಸೇವಕರನ್ನು ಕರೆಯುವ ಮೊದಲು ನಾವು ಹಿರಿಯರನ್ನೇ ಹೋಗಿ ಕೇಳಿದೆವು, ನಿಮಗೆ ಏನು ಬೇಕು ಅಂತ. ಕಣ್ಣು ಮಂಜಾಗಿದೆ, ಬಂದ ಪತ್ರ ಓದಿ ಹೇಳಿದರೆ ಸಾಕು ಅಂದರು ಕೆಲವರು. ಡಾಕ್ಟರ್ ಹೇಳಿದ್ದನ್ನು ಬರೆದುಕೊಳ್ಳಲು ಒಬ್ಬರು ಪಕ್ಕದಲ್ಲಿರಲಿ ಅಂದರು ಇನ್ನು ಕೆಲವರು. ಒಬ್ಬ ಅಜ್ಜಿಗೆ ಬೇಕಾಗಿದ್ದು ಮೇಲಿನ ಕಪಾಟಿನ ಡಬ್ಬಿಗಳನ್ನು ಕೈಗೆಟಕುವ ಹಾಗೆ ಕೆಳಗಿಡುವವರು, ಅಷ್ಟೇ. ಯಾರೂ ಬರುವುದು ಬೇಡ ಅಂದವರೂ ಇದ್ದರು. ಅವರ ಮಾತನ್ನು ಹಾಗೇ ಒಪ್ಪಿದೆವು.

ಆಮೇಲೆ ಪ್ರತಿ ಮನೆಗೂ ಒಂದೊಂದು ಹಾಳೆ ಮಾಡಿದೆವು. ಒಂದು ಹಾಳೆಯಲ್ಲಿ ಹೀಗಿದೆ: "ಮಂಗಳವಾರ ಸಂಜೆ 5ರಿಂದ 6. ಪೇಪರ್ ಓದುವುದು, ಪತ್ರ ಬಂದಿದ್ದರೆ ಅರ್ಥ ಮಾಡಿಸುವುದು. ಹಣ ಮುಟ್ಟುವ ಹಾಗಿಲ್ಲ. ಎಟಿಎಂ ಪಿನ್ ಕೇಳುವ ಹಾಗಿಲ್ಲ, ಅವರಾಗಿ ಹೇಳಿದರೂ ಬೇಡ ಅನ್ನಬೇಕು. ಮಾತ್ರೆ ಬಿಡಿ, ಬದಲಾಯಿಸಿ ಅಂತ ಸಲಹೆ ಕೊಡಬಾರದು. ತೊಂದರೆ ಅನ್ನಿಸಿದರೆ ಈ ನಂಬರಿಗೆ ಫೋನ್ ಮಾಡಿ. ಅವರಿಗೆ ಎಡಗಿವಿ ಚೆನ್ನಾಗಿ ಕೇಳಿಸುತ್ತದೆ, ಆ ಕಡೆ ಕೂತುಕೊಳ್ಳಿ." ಕೊನೆಯ ಸಾಲನ್ನು ಸೇರಿಸಿದ್ದು ಆ ಮನೆಗೆ ಮೊದಲು ಹೋಗುತ್ತಿದ್ದ ಸ್ವಯಂಸೇವಕಿ. ಹಾಳೆ ಹೀಗೆ ಬೆಳೆಯುತ್ತಾ ಹೋಗಬೇಕು. ಮುಂದೆ ಹೋಗುವವರಿಗೆ ಅದಕ್ಕಿಂತ ಒಳ್ಳೆಯ ತರಬೇತಿ ನಾನು ಕಂಡಿಲ್ಲ.

ಹಾಳೆಯಲ್ಲಿ ಮುಗಿಯುವ ತಾರೀಖೂ ಇರುತ್ತದೆ. ಮೂರು ತಿಂಗಳು. ಮುಂದುವರಿಸುತ್ತೀರಾ, ಬೇರೆ ಕೆಲಸ ಬೇಕಾ, ನಿಲ್ಲಿಸುತ್ತೀರಾ ಅಂತ ಆಗ ಕೂತು ಕೇಳುತ್ತೇವೆ. ಕೊನೆ ಯಾವಾಗ ಅಂತ ಗೊತ್ತಿದ್ದರೆ ಜನ ಧೈರ್ಯವಾಗಿ ಒಪ್ಪಿಕೊಳ್ಳುತ್ತಾರೆ, ಒಪ್ಪಿದ್ದನ್ನು ಪೂರ್ತಿ ಮಾಡುತ್ತಾರೆ. ಹಿರಿಯರಿಗೂ ಆ ತಾರೀಖು ಮೊದಲೇ ಗೊತ್ತಿರಬೇಕು. ಪ್ರತಿ ವಾರ ಬಾಗಿಲು ನೋಡುತ್ತಾ ಕೂತವರಿಗೆ, ಬರುತ್ತಿದ್ದವರು ಹೇಳದೆ ಕೇಳದೆ ನಿಂತುಬಿಟ್ಟರೆ ಆಗುವ ನೋವು ಸಣ್ಣದಲ್ಲ. ಅದಕ್ಕೇ ಪ್ರತಿ ಮನೆಗೂ ಬದಲಿ ಸ್ವಯಂಸೇವಕರೊಬ್ಬರು ಇರುತ್ತಾರೆ. ಅವರ ಮುಖ ಹಿರಿಯರಿಗೆ ಮೊದಲೇ ಪರಿಚಯವಿರುತ್ತದೆ.

ಗುರುತಿನ ಚೀಟಿ ನೋಡುವುದು, ಬಲ್ಲ ಇಬ್ಬರನ್ನು ವಿಚಾರಿಸುವುದು, ಮೊದಮೊದಲು ಜೋಡಿಯಾಗಿ ಕಳಿಸುವುದು, ಇವಕ್ಕೆಲ್ಲ ವಿನಾಯಿತಿ ಇಲ್ಲ. ನನಗೆ ಎಷ್ಟೇ ಬೇಕಾದವರಾದರೂ ಇಲ್ಲ. ಮಕ್ಕಳ ಜೊತೆ ಕೆಲಸ ಮಾಡುವ ತಂಡವಾದರೆ ಇನ್ನೂ ಬಿಗಿಯಾಗಿರಬೇಕು. ಅಲ್ಲಿ ಒಬ್ಬ ದೊಡ್ಡವರು ಒಂದು ಮಗುವಿನ ಜೊತೆ ಯಾರ ಕಣ್ಣಿಗೂ ಬೀಳದ ಕಡೆ ಇರಲೇಬಾರದು. "ನನ್ನ ಮೇಲೆ ನಂಬಿಕೆ ಇಲ್ವಾ?" ಅಂತ ಬೇಜಾರಾಗುವವರಿದ್ದಾರೆ. ಇದು ನಿಮಗೂ ರಕ್ಷಣೆ ಅಂತ ನಿಧಾನವಾಗಿ ಹೇಳಿದರೆ ಬಹಳಷ್ಟು ಜನ ಒಪ್ಪುತ್ತಾರೆ.

ಇಡೀ ಕಾರ್ಯಕ್ರಮದಲ್ಲಿ ನಾನು ಯಾವತ್ತೂ ತಪ್ಪಿಸದ ಒಂದು ಕೆಲಸವಿದೆ. ಹೊಸಬರು ಮೊದಲ ಸಲ ಹೋಗಿ ಬಂದ ದಿನವೇ ರಾತ್ರಿ ಅವರಿಗೆ ಫೋನ್ ಮಾಡುತ್ತೇನೆ. "ಹೇಗಿತ್ತು?" ಅಂದರೆ "ಚೆನ್ನಾಗಿತ್ತು" ಅನ್ನುತ್ತಾರೆ, ಮಾತು ಅಲ್ಲಿಗೇ ನಿಲ್ಲುತ್ತದೆ. ಆದ್ದರಿಂದ "ಏನು ಮಾಡಬೇಕೋ ತೋಚದೆ ಹೋಗಿದ್ದು ಯಾವಾಗ?" ಅಂತ ಕೇಳುತ್ತೇನೆ. ಒಬ್ಬ ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ, "ಅಜ್ಜ ತೀರಿಕೊಂಡ ಮಗನ ವಿಷಯ ತೆಗೆದು ಅತ್ತುಬಿಟ್ಟರು. ನಾನು ಗಾಬರಿಯಾಗಿ ಪೇಪರ್ ಓದೋಕೆ ಶುರು ಮಾಡಿದೆ. ಇನ್ನು ಹೋಗೋದು ಬೇಡ ಅನ್ನಿಸ್ತಿದೆ." ಸಮಾಧಾನ ಹೇಳಲೇಬೇಕು ಅಂತಿಲ್ಲ, ಮಗನ ಹೆಸರು ಕೇಳು, ಅವರು ಹೇಳುವಷ್ಟು ಹೇಳಲಿ ಅಂದೆ. ಮುಂದಿನ ವಾರ ಅವನು ಹೋದ. ಆಮೇಲೂ ಹೋಗುತ್ತಲೇ ಇದ್ದ. ಅವತ್ತು ರಾತ್ರಿ ಫೋನ್ ಮಾಡದಿದ್ದರೆ ಅವನು ಬಿಟ್ಟಿರುತ್ತಿದ್ದ. ನಾವು "ಈಗಿನವರಿಗೆ ಬದ್ಧತೆ ಇಲ್ಲ" ಅಂತ ಮಾತಾಡಿಕೊಳ್ಳುತ್ತಿದ್ದೆವು, ಅಲ್ವಾ?

ಓಡಾಟದ ಖರ್ಚು ಕೊಟ್ಟುಬಿಡಿ. ಸೇವೆ ಅಂದ ಮಾತ್ರಕ್ಕೆ ಕೈಯಿಂದ ಹಣ ಹಾಕಬೇಕಿಲ್ಲ. ಕೊಡದಿದ್ದರೆ ಕೊನೆಗೆ ಉಳಿಯುವುದು ಕೈಯಲ್ಲಿ ಹಣ ಓಡಾಡುವವರು ಮಾತ್ರ.

ಲೆಕ್ಕದ ವಿಷಯ. ಹಣ ಕೊಡುವವರಿಗೆ ಎಷ್ಟು ಜನ, ಎಷ್ಟು ಗಂಟೆ ಅನ್ನುವ ಅಂಕಿ ಬೇಕು. ಅದನ್ನು ಇಡುತ್ತೇವೆ. ನನಗೆ ಮುಖ್ಯವಾದ ಲೆಕ್ಕ ಬೇರೆ. "ರಾತ್ರಿ ಬಿದ್ದರೆ ಯಾರಿಗೆ ಫೋನ್ ಮಾಡುತ್ತೀರಿ?" ಅಂತ ಹಿರಿಯರನ್ನು ಶುರುವಿನಲ್ಲಿ ಕೇಳಿರುತ್ತೇವೆ, ಆರು ತಿಂಗಳಾದ ಮೇಲೆ ಮತ್ತೆ ಕೇಳುತ್ತೇವೆ. ಮೊದಲು "ಯಾರೂ ಇಲ್ಲ" ಅಂದವರ ಬಾಯಲ್ಲಿ ಈಗ ಒಂದು ಹೆಸರು ಬಂದರೆ ಕೆಲಸ ಸರಿಯಾಗಿ ನಡೆದಿದೆ ಅಂತ ಲೆಕ್ಕ.

ವಿಶ್ವಸಂಸ್ಥೆ 1985ರಲ್ಲಿ ಡಿಸೆಂಬರ್ 5ನ್ನು ಸ್ವಯಂಸೇವಕರ ದಿನ ಅಂತ ಗೊತ್ತುಮಾಡಿತು. ಆ ದಿನ ನಾವು ವೇದಿಕೆ, ಭಾಷಣ ಇಟ್ಟುಕೊಳ್ಳುವುದಿಲ್ಲ. ಹಿರಿಯರೂ ಸ್ವಯಂಸೇವಕರೂ ಒಟ್ಟಿಗೆ ಕೂರುತ್ತಾರೆ. ಮುಂದಿನ ವರ್ಷ ಏನು ಬದಲಾಗಬೇಕು ಅಂತ ಹಿರಿಯರು ಹೇಳುತ್ತಾರೆ, ನಾವು ಬರೆದುಕೊಳ್ಳುತ್ತೇವೆ.

ತಂಡ ದೊಡ್ಡದಾದಂತೆ ರಾತ್ರಿಯ ಕರೆಗಳು ಒಬ್ಬಳ ಕೈಯಲ್ಲಿ ಆಗುವುದಿಲ್ಲ. ಹಳೆಯ ಸ್ವಯಂಸೇವಕರಲ್ಲಿ ಇಬ್ಬರಿಗೆ ಈಗ ಅದೇ ಜವಾಬ್ದಾರಿ. ಅವರು ಎಷ್ಟು ಜನರಿಗೆ ನೆಮ್ಮದಿಯಾಗಿ ಫೋನ್ ಮಾಡಬಲ್ಲರೋ ಅಷ್ಟು ಹೊಸಬರನ್ನು ಮಾತ್ರ ಒಂದು ಸಲಕ್ಕೆ ಸೇರಿಸಿಕೊಳ್ಳುತ್ತೇವೆ. ಉಳಿದವರ ಹೆಸರು ಬರೆದಿಟ್ಟು, ಯಾವ ತಿಂಗಳು ಕರೆಯುತ್ತೇವೆ ಅಂತ ಹೇಳಿ ಕಳಿಸುತ್ತೇವೆ.